ವಾಚ್‌ಮನ್‌ನನ್ನು ‘ತಳವಾರ’ ಎನ್ನಬಹುದೇ?

ಅಪಾರ್ಟ್‌ಮೆಂಟುಗಳ ರಾತ್ರಿ ಪಾಳಿಯವರನ್ನು ‘ವಾಚ್‌ಮನ್’, ‘ಸೆಕ್ಯುರಿಟಿ’ ಎನ್ನುವುದನ್ನು ಬಿಟ್ಟು ‘ತಳವಾರ’ ಎಂಬ ನಮ್ಮದೇ ಪದವನ್ನು ಬಳಕೆಗೆ ತರಬೇಕೆಂದು ಕನ್ನಡಾಭಿಮಾನಿ ಗೆಳೆಯರು ಆಗಾಗ ಹೇಳುತ್ತಿರುತ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ತಕರಾರಿಲ್ಲ; ತಕರಾರಿರುವುದು ಆ ಪದದ ಆಯ್ಕೆಯ ಬಗ್ಗೆ.

ತಳವಾರನೆಂದರೆ ಕಾವಲುಗಾರ ಎಂದು ನಿಘಂಟು ಹೇಳುವುದು ನಿಜ. ಆದರೆ ಪದದ ಹಿಂದಿರುವ ಚರಿತ್ರೆ ಅಷ್ಟು ಸರಳವಾಗಿಲ್ಲ. ಕ್ರಿ.ಶ. 3ನೆಯ ಶತಮಾನದ, ಆಂಧ್ರದ ನಾಗಾರ್ಜುನಕೊಂಡದ ಶಾಸನಗಳಲ್ಲಿ ‘ಮಹಾತಲವರ’ ಎಂಬುದು ಇಕ್ಷ್ವಾಕು ರಾಜಮನೆತನದ ಹೆಣ್ಣು ತರುವಷ್ಟು ದೊಡ್ಡವರ ಬಿರುದು. 12ನೆಯ ಶತಮಾನದ ಶರಣರಲ್ಲಿ ತಳವಾರ ಕಾಮಿದೇವಯ್ಯನ ಹೆಸರಿನ ಮುಂದೆ ಅದೇ ಪದ ಕಾಯಕವಾಗಿ ನಿಂತಿದೆ. ಮುಂದೆ ನಮ್ಮ ಹಳ್ಳಿಗಳಲ್ಲಿ ತಳವಾರನು ತೋಟಿ, ನೀರಗಂಟಿಯರ ಸಾಲಿನ ಆಯಗಾರನಾದ, ಅಂದರೆ ಊರ ಸೇವೆಗೆ ಬೆಳೆಯಲ್ಲಿ ಪಾಲು ಪಡೆಯುವವನಾದ. ಇರುಳು ಊರು ಸುತ್ತಿ ಗಸ್ತು ತಿರುಗುವುದು, ಹೊಸಬರ ಮೇಲೆ ಕಣ್ಣಿಡುವುದು, ಚಾವಡಿಗೆ ಜನರನ್ನು ಕರೆತರುವುದು, ಕಂದಾಯದ ಹಣ ತಾಲ್ಲೂಕಿನ ಖಜಾನೆಗೆ ಹೊರಟಾಗ ಬೆಂಗಾವಲಾಗಿ ಹೋಗುವುದು, ಇವೆಲ್ಲ ಅವನ ಪಾಲಿನ ಕೆಲಸಗಳು. ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು, ಜೊತೆಗೆ ಒಂದಿಷ್ಟು ಇನಾಂ ಜಮೀನು. ಈ ಹೊಣೆ ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು ಎಂಬುದನ್ನು, ಹಳೆಯ ಊರ ವ್ಯವಸ್ಥೆಯನ್ನು ಹಾಡಿ ಹೊಗಳುವವರು ಏಕೋ ಮರೆತುಬಿಡುತ್ತಾರೆ.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು, ಶಾನುಭೋಗಿಕೆ, ಪಟೇಲಿಕೆಗಳೊಂದಿಗೆ ತಳವಾರಿಕೆಯೂ ವಂಶಪಾರಂಪರ್ಯ ಹುದ್ದೆಯಾಗಿ ಕೊನೆಗೊಂಡಿತು. ಜಮೀನು ಮಾತ್ರ ಅಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಹಿಂದೆ ಹುದ್ದೆ ಹೊಂದಿದ್ದವರಿಗೇ ಅದನ್ನು ಮರುಮಂಜೂರು ಮಾಡಬೇಕಿದ್ದುದರಿಂದ, ಹಳೆಯ ದಾಖಲೆಯಲ್ಲಿ ‘ತಳವಾರಿ ಇನಾಂ’ ಎಂಬ ನಮೂದಿರುವ ಹೊಲವನ್ನು ಕೊಳ್ಳುವವರು ಮರುಮಂಜೂರಾತಿ ಆದೇಶವನ್ನು ಇಂದಿಗೂ ಕೇಳಿ ನೋಡಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಮಾತು ಬೇರೆಯೇ ಇದೆ. ಉತ್ತರ ಕರ್ನಾಟಕದಲ್ಲಿ ತಳವಾರ ಎಂಬುದು ಸಾವಿರಾರು ಮನೆಗಳ ಅಡ್ಡಹೆಸರು. 2020ರಲ್ಲಿ ಸಂಸತ್ತು ನಾಯಕ ಸಮುದಾಯದ ಪರ್ಯಾಯ ಹೆಸರುಗಳಾಗಿ ಪರಿವಾರ ಮತ್ತು ತಳವಾರ ಎಂಬವನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿತು. ಆ ಬಳಿಕ ಆ ಹೆಸರಿನ ಯಾವ ಕುಟುಂಬಕ್ಕೆ ಪ್ರಮಾಣಪತ್ರ ಸಲ್ಲಬೇಕೆಂಬ ವಿವಾದ ಕಲಬುರಗಿ, ವಿಜಯಪುರಗಳ ಕಡೆ ಕಾವೇರಿತು. ಶಾಲೆಯ ಹಾಜರಿಯಲ್ಲಿ ‘ತಳವಾರ’ ಎಂದು ಕೂಗಿಸಿಕೊಳ್ಳುವ ಹುಡುಗಿ ಮುಂದೆ ಬೆಂಗಳೂರಿಗೆ ಬಂದು ಎಂಜಿನಿಯರ್ ಆದಾಗ, ಅವಳು ಬಾಡಿಗೆಗಿರುವ ಕಟ್ಟಡದ ಗೇಟಿನ ಫಲಕದ ಮೇಲೆ ‘ತಳವಾರರಲ್ಲಿ ವಿಚಾರಿಸಿ’ ಎಂದು ಬರೆದಿದ್ದರೆ ಅವಳಿಗೆ ಹೇಗನ್ನಿಸಬಹುದು? ಕಾವಲು ಕೀಳು ಕೆಲಸವಲ್ಲ, ಸರಿ. ಆದರೂ ಒಂದು ಸಮುದಾಯದ ಹೆಸರನ್ನು ಅವರನ್ನು ಕೇಳದೆಯೇ ಮತ್ತೆ ಕಸುಬಿಗೆ ಕಟ್ಟಿಹಾಕುವ ಹಕ್ಕು ನಮಗಿಲ್ಲ.

‘ಗೂರ್ಖಾ’ ಎನ್ನುವುದಕ್ಕೂ ನನ್ನ ಆಕ್ಷೇಪ ಇದೇ. ಅದು ನೇಪಾಳದ ಗೋರ್ಖಾ ಎಂಬ ಊರಿನಿಂದ ಬಂದ ಹೆಸರು. ತಿಂಗಳ ಮೊದಲಲ್ಲಿ ಬಾಗಿಲಿಗೆ ಬಂದು ಹಣ ಕೇಳುವ ಸೀಟಿಯವನು ಅಸ್ಸಾಮಿನವನಾಗಿದ್ದರೂ ನಾವು ಅವನನ್ನು ಹಾಗೆಯೇ ಕರೆಯುತ್ತೇವೆ. ಫಲಕಕ್ಕೆ ಕನ್ನಡ ಬೇಕೆಂದರೆ ‘ಕಾವಲುಗಾರರು’ ಎಂದು ಬರೆಸೋಣ, ‘ರಾತ್ರಿ ಕಾವಲು’ ಎಂದರೂ ಆದೀತು. ‘ವಾಚ್‌ಮನ್’ ಎಂಬುದೇ ಬಾಯಿಗೆ ಬಂದರೆ ಅದನ್ನೂ ನಾನು ತಪ್ಪೆನ್ನಲಾರೆ.