ಶೀಟಿಗೆ ಇರುವ ಮರ್ಯಾದೆ ಸ್ಕ್ರೂಗೆ ಯಾಕಿಲ್ಲ?

ಇಲ್ಲಿ, ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ, ನಮ್ಮ ಮನೆಯ ಹಿಂಬದಿಗೆ ಶೀಟಿನ ಮಾಡು ಹಾಕಿಸಬೇಕಿತ್ತು. ಬಂದ ಕೆಲಸಗಾರ ಅಳತೆಯ ಟೇಪು ತೆಗೆಯುವ ಮೊದಲೇ ಕೇಳಿದ್ದು, ಸಮುದ್ರ ಇಲ್ಲಿಂದ ಎಷ್ಟು ದೂರ ಅಂತ. ಅಷ್ಟಕ್ಕೆ ಬಿಡಲಿಲ್ಲ. ರಾತ್ರಿ ಅಲೆ ಒಡೆಯುವ ಸದ್ದು ಮನೆಗೆ ಕೇಳಿಸುತ್ತಾ ಅಂತಲೂ ಕೇಳಿದ. ಕೇಳಿಸುತ್ತೆ ಅಂದೆ. ಹಾಗಾದರೆ ಸ್ಕ್ರೂ ನಾಲ್ಕನೇ ಕ್ಲಾಸಿನದ್ದೇ ಆಗಬೇಕು ಅಂತ ಬರೆದುಕೊಂಡ. ಶೀಟಿನ ಬಣ್ಣದ ಮಾತು ಬಂದದ್ದು ಆಮೇಲೆ.

ನನಗೆ ಖುಷಿಯಾಯಿತು. ಅದರ ಬೆನ್ನಿಗೇ ಸಂಕಟವೂ ಆಯಿತು. ನಾನು ಕರಾವಳಿಯವನು. ಮಳೆಗಾಲದಲ್ಲಿ ಕಡಲು ಮೊರೆಯುವುದನ್ನು ಕೇಳಿಕೊಂಡೇ ಮಲಗಿದವನು. ನಮ್ಮ ಕಡೆ ಈಗ ತಾರಸಿ ಮನೆಯ ಮೇಲೂ ಶೀಟು, ಅಂಗಳಕ್ಕೂ ಶೀಟು, ಕೊಟ್ಟಿಗೆಗೂ ಶೀಟು. ಅಷ್ಟೊಂದು ಶೀಟು ಹಾಕಿಸುವ ಊರುಗಳಲ್ಲಿ ಸಮುದ್ರ ಎಷ್ಟು ದೂರ ಅಂತ ಕೇಳಿ ಸ್ಕ್ರೂ ಆರಿಸಿದವರನ್ನು ನಾನಂತೂ ನೋಡಿಲ್ಲ.

ಅವನು ತಂದಿದ್ದ ಡಬ್ಬಿಯಿಂದ ಒಂದು ಸ್ಕ್ರೂ ತೆಗೆದು ನೋಡಿದೆ. ತಲೆಯ ಮೇಲೆ 4 ಅಂತ ಅಚ್ಚು ಒತ್ತಿತ್ತು. ಇಲ್ಲಿ ಎಎಸ್ 3566 ಅಂತ ಒಂದು ಮಾನದಂಡ ಇದೆ, ತಾನೇ ಕೊರೆದುಕೊಂಡು ಹೋಗುವ ಈ ಸ್ಕ್ರೂಗಳಿಗಾಗಿಯೇ ಮಾಡಿದ್ದು. ತುಕ್ಕು ತಡೆಯುವ ಶಕ್ತಿಯ ಲೆಕ್ಕದಲ್ಲಿ ಅದು ಸ್ಕ್ರೂಗಳನ್ನು ನಾಲ್ಕು ಕ್ಲಾಸಾಗಿ ವಿಂಗಡಿಸುತ್ತದೆ. ಮನೆಯ ಒಳಗೆ ಸಾಕಾಗುವುದು ಬೇರೆ, ಹೊರಗಿನ ಸಾಮಾನ್ಯ ಗಾಳಿಮಳೆಗೆ ಬೇಕಾದ್ದು ಬೇರೆ, ಉಪ್ಪುಗಾಳಿಗೆ ಬೇಕಾದ್ದು ಇನ್ನೂ ಬೇರೆ. ನಂಬರನ್ನು ತಲೆಯ ಮೇಲೆಯೇ ಹಾಕಿರುವುದು ನನಗೆ ತುಂಬಾ ಹಿಡಿಸಿತು. ಸ್ಕ್ರೂ ಒಳಗೆ ಹೋದ ಮೇಲೆ ಹೊರಗೆ ಕಾಣುವುದು ಅದರ ತಲೆ ಒಂದೇ ಅಲ್ವಾ? ಹತ್ತು ವರ್ಷ ಬಿಟ್ಟು ಏಣಿ ಹತ್ತಿದವನಿಗೂ ಅಲ್ಲಿ ಏನು ಹಾಕಿದ್ದಾರೆ ಅಂತ ಗೊತ್ತಾಗುತ್ತೆ.

ಅದೇ ವಾರ ಊರಿಗೆ ಫೋನ್ ಮಾಡಿದಾಗ ಭಾವನ ಗೋಳು ಶುರುವಾಯಿತು. ತಾರಸಿ ಮೇಲೆ ಹಾಕಿಸಿದ ಶೀಟು ಸೋರುತ್ತಿದೆ, ಅಲ್ಲಲ್ಲಿ ಕೆಂಪು ನೀರು ಇಳಿದ ಗೆರೆ ಬಿದ್ದಿದೆ, ಆ ಕಂಪನಿಯ ಶೀಟೇ ಸರಿಯಿಲ್ಲ ಅಂದರು. "ಭಾವ, ಸ್ಕ್ರೂ ಯಾವುದು ಹಾಕಿಸಿದ್ದು?" ಅಂದೆ. "ಸ್ಕ್ರೂ ಅಲ್ವಾ ಮಾರಾಯ, ಅದು ಶೀಟಿನವನೇ ತಂದದ್ದು. ಅದರಲ್ಲಿ ಯಾವುದು ಅಂತ ಉಂಟಾ?" ಅಂದರು. ಫೋಟೋ ಕಳಿಸಿ ಅಂದೆ. ಶೀಟಿನ ಮೈಮೇಲೆ ಏನೂ ಆಗಿರಲಿಲ್ಲ, ಬಣ್ಣ ಹೊಸದರ ಹಾಗೇ ಇತ್ತು. ಪ್ರತಿ ಸ್ಕ್ರೂವಿನ ಸುತ್ತ ಮಾತ್ರ ಕಂದು ವೃತ್ತ. ಕೆಲವು ಸ್ಕ್ರೂಗಳಿಗೆ ತಲೆಯೇ ಉಳಿದಿರಲಿಲ್ಲ. ಅವುಗಳ ಮೇಲೆ ಎಂ-ಸೀಲ್ ಮೆತ್ತಿದ್ದರು.

ಭಾವ ಅಜಾಗರೂಕ ಮನುಷ್ಯ ಅಲ್ಲ. ಶೀಟಿನ ದಪ್ಪ ಕೇಳಿದ್ದರು, ಲೇಪ ಎಷ್ಟು ಜಿಎಸ್ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ, ಅಂತ ಕೇಳಿದ್ದರು, ವಾರಂಟಿ ಕಾಗದವನ್ನು ಜೋಪಾನವಾಗಿ ಇಟ್ಟಿದ್ದರು. ಸ್ಕ್ರೂ ಬಗ್ಗೆ ಅವರೂ ಕೇಳಲಿಲ್ಲ, ಶೀಟಿನವನೂ ಹೇಳಲಿಲ್ಲ. ನನ್ನ ಸಿಟ್ಟು ಇರುವುದು ಇಲ್ಲೇ.

ಲೆಕ್ಕ ಹಾಕಿ ನೋಡಿ. ಅಲ್ಯೂಮಿನಿಯಂ ಮತ್ತು ಸತು ಬೆರೆಸಿದ ಲೇಪದ ಶೀಟು ಈಗ ಎಲ್ಲ ಕಡೆ ಸಿಗುತ್ತದೆ. ಆ ಲೇಪದಲ್ಲಿ 55 ಪಾಲು ಅಲ್ಯೂಮಿನಿಯಂ, 43 ಚಿಲ್ಲರೆ ಪಾಲು ಸತು, ಉಳಿದದ್ದು ಸಿಲಿಕಾನ್. ಚದರ ಮೀಟರಿಗೆ 150 ಗ್ರಾಂ ಅಂದರೆ ಎರಡೂ ಬದಿ ಸೇರಿದ ತೂಕ, ಒಂದೊಂದು ಬದಿಗೆ ಸುಮಾರು 20 ಮೈಕ್ರಾನ್ ಬರುತ್ತದೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಅದರ ಮೇಲೆ ಬಣ್ಣ ಬೇರೆ. ಇನ್ನು ಹೊಳೆಯುವ ಅಗ್ಗದ ಸ್ಕ್ರೂ ತೆಗೆದುಕೊಳ್ಳಿ. ಅದರ ಮೇಲಿರುವುದು ಕರೆಂಟ್ ಹಾಯಿಸಿ ಹಚ್ಚಿದ ಸತುವಿನ ಪದರ, ಸಾಮಾನ್ಯವಾಗಿ 5ರಿಂದ 8 ಮೈಕ್ರಾನ್. ಸತುವು ತಾನು ಸವೆಯುತ್ತಾ ಒಳಗಿನ ಉಕ್ಕನ್ನು ಕಾಯುತ್ತದೆ. ಅದು ಮುಗಿದ ದಿನದಿಂದ ಉಕ್ಕಿನ ಸರದಿ. ಎಷ್ಟು ಬೇಗ ಮುಗಿಯುತ್ತೆ ಅನ್ನುವುದಕ್ಕೂ ಅಂಕಿ ಇದೆ. ಐಎಸ್ಒ 9223 ಅನ್ನುವ ಮಾನದಂಡ, ಎಷ್ಟು ತುಕ್ಕು ಹಿಡಿಸುತ್ತದೆ ಅನ್ನುವ ಲೆಕ್ಕದಲ್ಲಿ ಗಾಳಿಯನ್ನೇ ಗುಂಪು ಮಾಡಿದೆ. ಸಿ3 ಅನ್ನುವ ಮಧ್ಯಮ ಗುಂಪಿನಲ್ಲಿ ಮೊದಲ ವರ್ಷಕ್ಕೆ ಸತುವು 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ. ಸಿ5 ಅಂದರೆ ಕಡಲಿನ ಉಪ್ಪು ಜಾಸ್ತಿ ಬಂದು ಕೂರುವಂಥ ಜಾಗ, ಅಲ್ಲಿ 4.2ರಿಂದ 8.4 ಮೈಕ್ರಾನ್. 5 ಮೈಕ್ರಾನ್ ಪದರದ ಸ್ಕ್ರೂ ಅಂಥ ಕಡೆ ಎರಡನೇ ಮಳೆಗಾಲ ನೋಡುವಷ್ಟರಲ್ಲಿ ಬರೀ ಉಕ್ಕಾಗಿರುತ್ತದೆ. ಇಪ್ಪತ್ತು ವರ್ಷ ಬಾಳುವ ಶೀಟಿಗೆ ಇದನ್ನು ಹೊಡೆಯುವುದು ರೇಷ್ಮೆ ಸೀರೆಗೆ ಕೊಳೆತ ದಾರದಲ್ಲಿ ಫಾಲ್ ಹೊಲಿದ ಹಾಗೆ.

ತಲೆ ತುಕ್ಕು ಹಿಡಿದರೆ ಚಂದ ಹಾಳಾಯಿತು ಅಷ್ಟೇ ಅಂತ ಹೇಳುವವರಿದ್ದಾರೆ. ಅಷ್ಟೇ ಅಲ್ಲ. ವಾಷರ್ ಕೆಳಗೆ ಉಪ್ಪುನೀರು ಒಣಗದೆ ನಿಲ್ಲುತ್ತದೆ. ತೂತಿನ ಸುತ್ತಲಿನ ಲೇಪ, ಪಕ್ಕದಲ್ಲಿ ಬರಿಮೈಯಾದ ಸ್ಕ್ರೂವನ್ನು ಕಾಯಲು ಹೋಗಿ ತಾನೂ ಸವೆಯುತ್ತದೆ. ಆಮೇಲೆ ತೂತು ದೊಡ್ಡದಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಕೊನೆಗೆ ಗಾಳಿ ಬಂದಾಗ ಶೀಟನ್ನು ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಅಂಥ ಗಾಳಿಯಲ್ಲಿ ಹಾರಿದ ಶೀಟು ಮನುಷ್ಯರಿಗೆ ಬಡಿದರೆ ಏನಾಗುತ್ತೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕ್ಲಾಸ್ ಒಂದೇ ಅಲ್ಲ, ಇಲ್ಲಿಯವರ ಕೆಲಸ ನೋಡಿದಾಗ ಸಣ್ಣಸಣ್ಣ ವಿಷಯಗಳಲ್ಲೂ ಒಂದು ಶಿಸ್ತು ಕಾಣಿಸಿತು. ಕೊರೆದಾಗ ಉದುರುವ ಕಬ್ಬಿಣದ ಚೂರುಗಳನ್ನು ಅದೇ ದಿನ ಸಂಜೆ ಗುಡಿಸಿ ತೆಗೆದರು. ಬಿಟ್ಟರೆ ಒಂದು ರಾತ್ರಿಯ ಇಬ್ಬನಿಗೇ ಅವು ತುಕ್ಕು ಹಿಡಿದು ಶೀಟಿನ ಮೇಲೆ ಕಲೆ ಮಾಡುತ್ತವೆ. ಗುರುತು ಹಾಕಲು ಮಾಮೂಲಿ ಪೆನ್ಸಿಲ್ ಮುಟ್ಟಲಿಲ್ಲ, ಅದರ ಗ್ರಾಫೈಟ್ ಈ ಲೇಪಕ್ಕೆ ಆಗಿಬರುವುದಿಲ್ಲ. ಸ್ಕ್ರೂ ಹೊಡೆದದ್ದು ಶೀಟಿನ ಏರಿನ ಮೇಲೆ, ನೀರು ಹರಿಯುವ ತಗ್ಗಿನಲ್ಲಲ್ಲ. ವಾಷರ್ ಸ್ವಲ್ಪ ಉಬ್ಬಿದ ಕೂಡಲೇ ಡ್ರಿಲ್ ನಿಲ್ಲಿಸಿದರು. ನಮ್ಮಲ್ಲಿ ಡ್ರಿಲ್ ಕಿರುಚುವ ತನಕ ಬಿಗಿಯುತ್ತಾರೆ. ರಬ್ಬರ್ ಪಿಚ್ಚಾಗಿ ಹೊರಗೆ ಬರುತ್ತೆ, ಬಿಸಿಲಿಗೆ ಸೀಳುತ್ತೆ, ಮತ್ತೆ ಸೋರುತ್ತೆ.

ಹಾಗಾದರೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂನೇ ಹಾಕಿಬಿಡೋಣ, ಗೋಳೇ ಬೇಡ ಅಂದರು ಭಾವ. ನನಗೂ ಮೊದಲು ಸರಿ ಅನ್ನಿಸುವಂಥ ಮಾತೇ. ಆದರೆ ಕಡಲ ಹತ್ತಿರ ಈ ಲೇಪದ ಶೀಟಿಗೆ ಸ್ಟೇನ್‌ಲೆಸ್ ಬೇಡ ಅಂತ ಇಲ್ಲಿಯ ಶೀಟು ತಯಾರಕರೇ ಹೇಳುತ್ತಾರೆ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಇಲ್ಲಿ ಸ್ಕ್ರೂ ಉಳಿದು, ಸುತ್ತಲಿನ ಶೀಟು ಹೋಗುತ್ತದೆ. ತಾಮ್ರದ ಪೈಪಿನಿಂದ ಇಳಿದ ನೀರು ಶೀಟಿನ ಮೇಲೆ ಬೀಳಬಾರದು ಅನ್ನುವುದೂ, ಸೀಸ ತಾಗಬಾರದು ಅನ್ನುವುದೂ ಇದೇ ಕಾರಣಕ್ಕೆ. ವಾಷರ್ ರಬ್ಬರಿನಲ್ಲಿ ಕಾರ್ಬನ್ ಜಾಸ್ತಿ ಇದ್ದು ಅದು ಕರೆಂಟ್ ಹಾಯಲು ಬಿಟ್ಟರೂ ಅದೇ ಕಥೆ. ಅಂದರೆ ಬೆಲೆ ಜಾಸ್ತಿ ಇರುವುದನ್ನು ಆರಿಸಿದರೆ ಆಯಿತು ಅನ್ನುವ ಹಾಗಿಲ್ಲ. ಯಾವ ಶೀಟಿಗೆ ಯಾವ ಸ್ಕ್ರೂ, ಯಾವ ಜಾಗಕ್ಕೆ ಯಾವುದು ಅಂತ ಕೇಳಲೇಬೇಕು. ಒಂದು ಮಾಡಿನ ಒಟ್ಟು ಖರ್ಚಿನಲ್ಲಿ ಸ್ಕ್ರೂವಿನ ಪಾಲು ಎಷ್ಟು ಸಣ್ಣದು ಅಂತ ಬಿಲ್ ನೋಡಿದ ಯಾರಿಗೂ ಗೊತ್ತು. ಅಲ್ಲಿ ಉಳಿಸಿ, ಪ್ರತಿ ಮಳೆಗಾಲಕ್ಕೆ ಮುಂಚೆ ಸಿಲಿಕಾನ್, ಡಾಂಬರು ಪಟ್ಟಿ, ಎಂ-ಸೀಲ್ ಅಂತ ಮೇಲೆ ಹತ್ತುತ್ತಾ ಇರುವುದನ್ನು ನೋಡಿದರೆ ನನಗೆ ತಡೆಯಲಿಕ್ಕಾಗುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಊರಿನ ಪರವಾಗಿಯೂ ಕೆಲವು ಮಾತು ಹೇಳಲೇಬೇಕು. ಇಲ್ಲಿಯವರು ಹುಟ್ಟಿನಿಂದಲೇ ಇದನ್ನೆಲ್ಲ ಕಲಿತವರಲ್ಲ. 1974ರ ಕ್ರಿಸ್‌ಮಸ್ ಹೊತ್ತಿಗೆ ಟ್ರೇಸಿ ಚಂಡಮಾರುತ ಡಾರ್ವಿನ್ ನಗರವನ್ನು ನೆಲಸಮ ಮಾಡಿತು. ಗಾಳಿಗೆ ಶೀಟು ಮೇಲೆ ಕೆಳಗೆ ಬಡಿದುಕೊಂಡು, ಸ್ಕ್ರೂ ಮೊಳೆಗಳ ಸುತ್ತಲೇ ಬಿರುಕು ಬಿಟ್ಟು, ಕಿತ್ತು ಹಾರಿಹೋಗಿತ್ತು. ಅದಾದ ಮೇಲೆ, 1977ರಲ್ಲಿ, ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಚಂಡಮಾರುತಕ್ಕೆ ಮನೆ ಹೇಗೆ ತಡೆಯುತ್ತೆ ಅಂತ ಪರೀಕ್ಷೆ ಮಾಡುವ ಕೇಂದ್ರವೇ ಶುರುವಾಯಿತು. ಜೀವ ಹೋದ ಮೇಲೆ ಬಂದ ಬುದ್ಧಿ ಅದು. ನಮಗೂ ಅಷ್ಟೇ ಬೆಲೆ ತೆತ್ತು ಕಲಿಯುವ ಗತಿ ಬರಬಾರದು.

ಇನ್ನೊಂದು, ನಮ್ಮ ಹಿರಿಯರು ಸ್ಕ್ರೂ ಬಗ್ಗೆ ಕೇಳಲಿಲ್ಲ, ಯಾಕೆಂದರೆ ಅವರ ಮಾಡಿನಲ್ಲಿ ಅದು ಇರಲೇ ಇಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಹಬ್ಬಿದ ಆ ಹೆಂಚು ರೀಪಿನ ಮೇಲೆ ತನ್ನ ಮೂಗಿನಿಂದಲೇ ಕಚ್ಚಿ ಕೂರುತ್ತದೆ. ಮಳೆಗೆ ಮೈಯೊಡ್ಡುವ ಒಂದು ಮೊಳೆಯೂ ಮೇಲೆ ಇಲ್ಲ. ಒಡೆದರೆ ಒಂದು ಹೆಂಚು ಎತ್ತಿ ಇನ್ನೊಂದು ಇಟ್ಟರಾಯಿತು. ಉಪ್ಪುಗಾಳಿಗೆ ಅದಕ್ಕಿಂತ ಒಳ್ಳೆಯ ಉತ್ತರವನ್ನು ಇಲ್ಲಿಯ ನಾಲ್ಕನೇ ಕ್ಲಾಸಿನ ಸ್ಕ್ರೂ ಕೂಡ ಕೊಡಲಾರದು ಅಂತ ನನಗೆ ಅನ್ನಿಸುತ್ತದೆ. ಶೀಟು ನಮ್ಮ ಮನೆಗಳಿಗೆ ಬಂದದ್ದು ಮೊನ್ನೆಮೊನ್ನೆ. ಅದರ ಜೊತೆ ಬರಬೇಕಾದ ಪ್ರಶ್ನೆಗಳು ಇನ್ನೂ ಬಂದಿಲ್ಲ. ಮತ್ತೆ ನಮ್ಮ ಮಳೆಗೂ ಸ್ವಲ್ಪ ಮರ್ಯಾದೆ ಕೊಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆ ಮಾಡಿನ ಮೇಲಿನ ಉಪ್ಪನ್ನೆಲ್ಲ ತೊಳೆದು ಹಾಕುತ್ತದೆ. ಇಲ್ಲಿ ಮಳೆ ತಾಗದ ಜಾಗಗಳನ್ನು ಪೈಪ್ ಹಿಡಿದು ತೊಳೆಯಿರಿ ಅಂತ ಶೀಟು ಮಾಡುವವರೇ ಹೇಳುತ್ತಾರೆ. ನಮ್ಮಲ್ಲೂ ಸೂರಿನ ಕೆಳಗೆ, ಗೋಡೆಯ ಮರೆಯಲ್ಲಿ ಮಳೆ ತಲುಪುವುದಿಲ್ಲ, ಬೇಸಗೆಯ ಉದ್ದಕ್ಕೂ ಉಪ್ಪು ಮೇಲೆಯೂ ಹಾಗೇ ಕೂತಿರುತ್ತದೆ. ಅದನ್ನು ತೊಳೆಯಲು ಬಾವಿನೀರು ಸಾಕು.

ಭಾವನ ಮಾಡಿಗೆ ಈಗ ಶೀಟು ಬದಲಿಸುವ ಅಗತ್ಯ ಇಲ್ಲ, ಪೂರ್ತಿ ಹಾಳಾದ ನಾಲ್ಕಾರು ಜಾಗ ಬಿಟ್ಟು. ಹಳೇ ಸ್ಕ್ರೂ ತೆಗೆದು ಅದೇ ತೂತಿಗೆ ಒಂದು ಸೈಜ್ ದಪ್ಪದ್ದು, 12 ಗೇಜ್ ಇದ್ದಲ್ಲಿ 14 ಗೇಜ್, ಹೊಸ ವಾಷರ್ ಜೊತೆ ಹಾಕಿಸಿದರೆ ಹಿಡಿತ ಮತ್ತೆ ಬರುತ್ತದೆ. ಕೆಳಗಿನ ಪೈಪು ತುಕ್ಕು ಹಿಡಿದು ತೆಳ್ಳಗಾಗಿಲ್ಲ ಅಂತ ಮೊದಲು ನೋಡಬೇಕು. ಲೇಪ ಎಷ್ಟು ಮೈಕ್ರಾನ್ ಅಂತ ಅಂಗಡಿಯಲ್ಲಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ ಅಂತ ಹೇಳಿದ್ದೇನೆ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವ ಅಂಗಡಿ ಹುಡುಕಿ ಅಂದೆ. ಸ್ವಲ್ಪ ಗೊಣಗಿದರು, ಆದರೆ ಹೂಂ ಅಂದಿದ್ದಾರೆ.