ರಾಯಪ್ಪನ ವಿಭೂತಿ

2018ರ ಫೆಬ್ರವರಿ 14. ಹಿಂದಿನ ದಿನ ಶಿವರಾತ್ರಿ. ಅವತ್ತು ಪ್ರೇಮಿಗಳ ದಿನ. ಸಾಲದು ಅಂತ ನಮ್ಮ ವಿಭೂತಿ ಬುಧವಾರವೂ ಅವತ್ತೇ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವುದು ಈ ಬುಧವಾರ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು ಬೂದಿ ಮಾಡಿರುತ್ತಾರೆ. ಬೆಳಗಿನ ಪೂಜೆಯಲ್ಲಿ ಫಾದರ್ ಹೆಬ್ಬೆರಳಿನಿಂದ ಅದನ್ನು ಹಣೆಗೆ ಶಿಲುಬೆಯಾಕಾರದಲ್ಲಿ ಹಚ್ಚುತ್ತಾರೆ. ಮಣ್ಣಿಂದ ಬಂದವನು ಮಣ್ಣಿಗೇ ಹೋಗುತ್ತೀಯ, ಮರೀಬೇಡ ಅಂತ. ನಮ್ಮ ಫಾದರ್ ಕೈ ಧಾರಾಳ. ಕಣ್ಣಿನ ರೆಪ್ಪೆ ಮೇಲೂ ಒಂದಿಷ್ಟು ಉದುರುತ್ತದೆ.

ತಮಾಷೆ ಏನಪ್ಪಾ ಅಂದರೆ, ಅದೇ ಪೂಜೆಯಲ್ಲಿ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ ಓದುತ್ತಾರೆ. ಉಪವಾಸ ಮಾಡುವಾಗ ನಾಲ್ಕು ಜನಕ್ಕೆ ತೋರಿಸಿಕೊಳ್ಳಬೇಡ, ತಲೆಗೆ ಎಣ್ಣೆ ಹಚ್ಚಿಕೊಂಡು ಮುಖ ತೊಳೆದುಕೋ ಎನ್ನುತ್ತದೆ ಅದು. ಆ ಒಂದು ಮಾತು ಹಿಡಿದುಕೊಂಡು ನಾನು ಎಷ್ಟೋ ವರ್ಷ ತಳ್ಳಿದೆ. ಪೂಜೆ ಮುಗಿದ ಕೂಡಲೇ ಸೀದಾ ನಲ್ಲಿ ಹತ್ತಿರ ಹೋಗಿ ಹಣೆ ತೊಳೆದು, ಕರ್ಚೀಫಿನಲ್ಲಿ ಒರೆಸಿ, ಬಸ್ ಹತ್ತುತ್ತಿದ್ದೆ. ವಾಕ್ಯ ಪಾಲಿಸಿದ ಪುಣ್ಯ ಬೇರೆ! ದೀಪ ಹಚ್ಚಿ ಕೊಳಗದ ಕೆಳಗೆ ಯಾರೂ ಇಡುವುದಿಲ್ಲ ಅಂತ ಅದೇ ಮತ್ತಾಯ ಒಂದು ಅಧ್ಯಾಯ ಹಿಂದೆ ಬರೆದಿದ್ದಾನೆ. ಆ ಪುಟವನ್ನು ಸ್ವಲ್ಪ ಬೇಗ ತಿರುವುತ್ತಿದ್ದೆ, ಅಷ್ಟೇ.

ಬಚ್ಚಿಟ್ಟುಕೊಳ್ಳಲು ನನ್ನ ಹೆಸರೂ ಅನುಕೂಲವಾಗಿತ್ತು. ಬೆಂಗಳೂರು ಸುತ್ತಮುತ್ತಲ ಹಳೇ ಕಥೋಲಿಕ ಮನೆಗಳಲ್ಲಿ ಪೌಲ ಚಿನ್ನಪ್ಪನಾಗಿದ್ದಾನೆ, ಇಗ್ನೇಷಿಯಸ್ ಇನ್ನಾಸಪ್ಪನಾಗಿದ್ದಾನೆ, ಪೇತ್ರ ರಾಯಪ್ಪನಾಗಿದ್ದಾನೆ. ನನಗೆ ತಾತನ ಹೆಸರಿಟ್ಟರು, ರಾಯಪ್ಪ. ಕೇಳಿದವರು ಯಾರಾದರೂ ಅನುಮಾನ ಪಡುತ್ತಾರಾ? ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಚರ್ಚಿಗೆ, ಯೇಸುವಿನ ತಾಯಿ ಮರಿಯಮ್ಮನವರ ಹತ್ತಿರ ಕಾವಿ ಬಟ್ಟೆ ಹಾಕಿಕೊಂಡು ಹೋದಾಗ ಆಫೀಸಿನವರು ಸಿಕ್ಕರೂ ತೊಂದರೆ ಇಲ್ಲ. ಅಲ್ಲಿಗೆ ಎಲ್ಲ ಜಾತಿಯವರೂ ಬರುತ್ತಾರೆ.

ಭಯ ಏನಿತ್ತು ಅಂತ ಕೇಳಬೇಡಿ. ಯಾರೂ ಹೊಡೆಯಲು ಬಂದಿರಲಿಲ್ಲ. ಹಿಂದೆ ಎರಡು ಕಡೆ ಹೇಳಿಕೊಂಡಾಗ ಒಬ್ಬರು “ಯಾವಾಗ ಕನ್ವರ್ಟ್ ಆಗಿದ್ದು?” ಅಂದರು. ನನ್ನ ಮುತ್ತಾತನನ್ನು ಕೇಳಬೇಕು. ಇನ್ನೊಬ್ಬರು “ಆದ್ರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!” ಅಂದರು. 1894ರಲ್ಲಿ ನಮಗೆಲ್ಲ ಅಷ್ಟು ದಪ್ಪ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಒಬ್ಬ ಪಾದ್ರಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. “ಥ್ಯಾಂಕ್ಸ್” ಅಂದೆ. ಅಲ್ಲಿಂದಾಚೆಗೆ ಸುಮ್ನೆ ಇರುವುದೇ ವಾಸಿ ಅನಿಸಿತು.

ಆದರೆ ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕಿಕೊಳ್ಳದೆ ನನಗೆ ತುತ್ತು ಇಳಿಯುವುದಿಲ್ಲ. ಅದಕ್ಕೊಂದು ಉಪಾಯ ಕಂಡುಹಿಡಿದಿದ್ದೆ. ಹಣೆ ಕೆರೆದುಕೊಂಡ ಹಾಗೆ ಮಾಡುವುದು, ಎದೆ ಸವರಿಕೊಳ್ಳುವುದು, ಎಡ ಭುಜದ ಧೂಳು ಕೊಡವಿ, ಆಮೇಲೆ ಬಲ ಭುಜದ್ದು. ಒಟ್ಟು ಎರಡು ಸೆಕೆಂಡ್. ಪಕ್ಕದ ಟೇಬಲಿನ ಹುಡುಗ ಬಹಳ ಒಳ್ಳೆಯವನು. ಒಂದು ತಿಂಗಳು ನೋಡಿ ಒಂದು ದಿನ ಮೆಲ್ಲಗೆ “ಸಾರ್, ಗ್ಯಾಸಾ?” ಅಂದ. ಹೌದು ಅಂದುಬಿಟ್ಟೆ. ಮಾರನೇ ದಿನದಿಂದ ನನ್ನ ಡಬ್ಬಿ ಪಕ್ಕ ಆಗಾಗ ಒಂದು ಈನೋ ಪೊಟ್ಟಣ ಪ್ರತ್ಯಕ್ಷ. ಬೇಡ ಅನ್ನಲು ಆಗುತ್ತಾ? ತೆಗೆದು ಡ್ರಾಯರಿಗೆ ಹಾಕುತ್ತಿದ್ದೆ.

ಅವತ್ತಿನ ವಿಷಯಕ್ಕೆ ಬರುತ್ತೇನೆ. ಪೂಜೆ ಮುಗಿಸಿ ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ ಬಂತು. ನೀರಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಅಂಗೈಯಲ್ಲೇ ಹಣೆಯನ್ನು ಅಡ್ಡಡ್ಡ ತಿಕ್ಕಿದೆ. ಹೋಯಿತು ಅಂದುಕೊಂಡೆ. ಶಿಲುಬೆ ಹೋಗಿತ್ತು, ನಿಜ. ಅದರ ಜಾಗದಲ್ಲಿ ಎದ್ದು ಕಾಣುವ ಹಾಗೆ ಮೂರು ಅಡ್ಡ ಪಟ್ಟೆ ಬಂದಿದ್ದವು.

ಕಂಡಕ್ಟರ್ ಟಿಕೆಟ್ ಹರಿಯುತ್ತಾ, “ಏನ್ ಸ್ವಾಮಿ, ರಾತ್ರಿಯೆಲ್ಲಾ ಜಾಗರಣೆನಾ?” ಅಂದರು. ಬೆಳಗ್ಗೆ ಐದಕ್ಕೆ ಎದ್ದು ಕಣ್ಣು ಕೆಂಪಗಿದ್ದವು. “ಹೂಂ” ಅಂದೆ. ಒಂದು.

ಪಕ್ಕದ ಸೀಟಿನ ಹಿರಿಯರು ಬಿಡಲಿಲ್ಲ. “ಗವಿ ಗಂಗಾಧರೇಶ್ವರಕ್ಕೆ ಹೋಗಿದ್ರೋ, ಕಾಡು ಮಲ್ಲೇಶ್ವರಕ್ಕೋ?” “ಇಲ್ಲ, ಇಲ್ಲೇ... ಮನೆ ಹತ್ತಿರ” ಅಂದೆ. ಎರಡು. ಅವರು ನನ್ನ ಹಣೆಯನ್ನೇ ನೋಡಿ, “ವಿಭೂತಿ ಸ್ವಲ್ಪ ಕಪ್ಪು ಜಾಸ್ತಿ. ಈಗೆಲ್ಲಾ ಒಳ್ಳೇದು ಸಿಗಲ್ಲ ಬಿಡಿ” ಅಂತ ಮರುಗಿದರು.

ರಾಜಾಜಿನಗರದ ಆಫೀಸು ತಲುಪಿ ಕುಳಿತೆ. ಅಕೌಂಟ್ಸ್ ಮೇಡಂ ತಂಬಿಟ್ಟು ತಂದು ಮುಂದಿಟ್ಟರು. “ನೀವು ಇಷ್ಟು ದೈವಭಕ್ತರು ಅಂತ ಗೊತ್ತೇ ಇರ್ಲಿಲ್ಲ ರಾಯಪ್ಪನವರೇ. ಮನೇಲಿ ಎಲ್ಲರೂ ಶಿವಭಕ್ತರಾ?” ನಾನು ತಂಬಿಟ್ಟನ್ನೇ ನೋಡುತ್ತಾ, “ಹಾಗೇ ಅಂದ್ಕೊಳಿ” ಅಂದೆ. ಮೂರು.

ಬೈಬಲ್ಲಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಮೂರನೇ ಸಲ ಯೇಸು ಯಾರೋ ಗೊತ್ತಿಲ್ಲ ಅಂದ ಕೂಡಲೇ ಕೋಳಿ ಕೂಗಿತು. ರಾಜಾಜಿನಗರದಲ್ಲಿ ಕೋಳಿ ಎಲ್ಲಿಂದ ಕೂಗಬೇಕು? ಅದು ಒಂದೂಕಾಲಿಗೆ ಬಿರಿಯಾನಿಯಾಗಿ ಬಂತು.

ಈನೋ ಹುಡುಗನಿಗೆ ಹೊಸದಾಗಿ ಮದುವೆಯಾಗಿತ್ತು. ಪ್ರೇಮಿಗಳ ದಿನದ ಲೆಕ್ಕದಲ್ಲಿ ಎಲ್ಲರಿಗೂ ತರಿಸಿದ್ದ. ನನ್ನ ಮುಂದೆ ಡಬ್ಬ ಬಿಚ್ಚಿದ. ಒಂದು ದಪ್ಪ ಲೆಗ್ ಪೀಸು, ಅದರ ಮೇಲೆ ಹುರಿದ ಈರುಳ್ಳಿ, ಬಿಸಿ ಹಬೆ. “ಉಪವಾಸ ನಿನ್ನೆಗೆ ಮುಗೀತಲ್ಲ ಸಾರ್, ಹೊಡೀರಿ!” ವಿಭೂತಿ ಬುಧವಾರ ನಮಗೆ ಒಂದೇ ಹೊತ್ತು ಊಟ, ಮಾಂಸ ಮುಟ್ಟುವ ಹಾಗಿಲ್ಲ. ಬೆಳಗ್ಗೆಯಿಂದ ಬರೀ ನೀರು ಕುಡಿದಿದ್ದೆ. ಹೊಟ್ಟೆ ಒಂದು ಹೇಳುತ್ತಿತ್ತು, ಹಣೆ ಇನ್ನೊಂದು.

“ಇಲ್ಲಪ್ಪ, ನನಗೆ ಉಪವಾಸ ಇವತ್ತು. ನಾನು ಕ್ರಿಶ್ಚಿಯನ್ನು. ಇದು ಚರ್ಚಲ್ಲಿ ಹಾಕಿದ ಬೂದಿ” ಅಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಆಚೆ ಟೇಬಲಿನವರೂ ತಿರುಗಿದರು. ಕಿವಿ ಬಿಸಿಯಾಯಿತು.

ಮೊದಲು ಬಾಯಿಬಿಟ್ಟಿದ್ದು ಅಕೌಂಟ್ಸ್ ಮೇಡಂ. “ಸೇರಿದ್ದು 2011ರಲ್ಲಿ ಅಲ್ವಾ ನೀವು? ಅಲ್ಲಿಗೆ ಏಳು ಕ್ರಿಸ್ಮಸ್. ಒಂದು ಕಜ್ಜಾಯನಾದ್ರೂ ತಂದ್ರಾ?” ಅವರ ದನಿಯಲ್ಲಿ ನಿಜವಾದ ನೋವಿತ್ತು. ಆಮೇಲೆ, “ನಾನು ಮಗಳ ಮದುವೆಗೆ ಅಂತ ವಿವೇಕನಗರದ ಬಾಲಯೇಸುಗೆ ಒಂಬತ್ತು ಗುರುವಾರ ಹರಕೆ ಹೊತ್ತೋಳು. ಬಸ್ ನಂಬರ್ ಗೊತ್ತಿಲ್ದೆ ಆಫೀಸಿಗೆಲ್ಲಾ ಕೇಳಿದೀನಿ. ನಿಮ್ಮನ್ನೂ ಕೇಳಿದೀನಿ! ಗೊತ್ತಿಲ್ಲ ಅಂದ್ರಲ್ಲ?”

ಅಂದಿದ್ದೆ. ಅದು ನಾಲ್ಕನೆಯದು. ಪೇತ್ರನೂ ಅಷ್ಟು ಮುಂದೆ ಹೋಗಿರಲಿಲ್ಲ.

ಹುಡುಗ ಮಾತ್ರ ಇನ್ನೂ ಯೋಚನೆ ಮಾಡುತ್ತಿದ್ದ. ಹಣೆ, ಎದೆ, ಎರಡು ಭುಜ ಅಂತ ಗಾಳಿಯಲ್ಲಿ ಬೆರಳಾಡಿಸಿ, “ಹಾಗಾದ್ರೆ ದಿನಾ ಊಟಕ್ಕೆ ಮುಂಚೆ... ಅದು ಗ್ಯಾಸ್ ಅಲ್ವಾ ಸಾರ್?” ಅಂದ. ಅಲ್ಲಪ್ಪ ಅಂದೆ. ನನ್ನ ಬಿರಿಯಾನಿ ಡಬ್ಬವನ್ನು ಏನೂ ಹೇಳದೆ ತನ್ನ ಕಡೆ ಎಳೆದುಕೊಂಡ.

ಆ ಡಿಸೆಂಬರಿನಲ್ಲಿ ನನ್ನ ಹೆಂಡತಿ ಏಳು ವರ್ಷದ ಬಾಕಿಗೆ ಐದು ಸೇರು ಅಕ್ಕಿ ನೆನೆಹಾಕಿದಳು. ಜೊತೆಗೆ ನನಗೆ ಬೈಗುಳ ಬಡ್ಡಿ. ದೊಡ್ಡ ಸ್ಟೀಲ್ ಡಬ್ಬದಲ್ಲಿ ಕಜ್ಜಾಯ ಹೊತ್ತುಕೊಂಡು ಹೋಗಿ ಟೇಬಲ್ ಮೇಲಿಟ್ಟು, ಎಲ್ಲರೆದುರಿಗೆ ನಿಧಾನವಾಗಿ ಶಿಲುಬೆ ಗುರುತು ಹಾಕಿಕೊಂಡೆ. ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಡಬ್ಬದ ಮೇಲಿತ್ತು. ಹುಡುಗ ಒಂದಾದ ಮೇಲೊಂದು ಎಂಟು ತಿಂದ. ಮೂರು ಗಂಟೆ ಹೊತ್ತಿಗೆ ನೋಡುತ್ತೇನೆ, ಹಣೆ ಒರೆಸಿಕೊಳ್ಳುತ್ತಿದ್ದಾನೆ, ಎದೆ ಸವರಿಕೊಳ್ಳುತ್ತಿದ್ದಾನೆ.

ನಾನು ಡ್ರಾಯರ್ ಎಳೆದೆ.