ಓಸ್ಲೊದಲ್ಲಿ ಎಂಟರ ಮಗ್ಗಿ

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ನಿವೃತ್ತಿಯ ನಂತರ ಮಗ್ಗಿ ಮತ್ತೆ ಗಂಟು ಬೀಳುತ್ತದೆಂದು ನಾನು ಎಣಿಸಿರಲಿಲ್ಲ. ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ವಿಮಾನದ ಟಿಕೆಟ್ ಬಲು ಅಗ್ಗವಾಗಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಅವಳು ನಮ್ಮಿಬ್ಬರನ್ನು ಜೂನ್ ತಿಂಗಳ ಒಂದು ಶನಿವಾರ ನಾರ್ವೆಯ ಓಸ್ಲೊಗೆ ಸಾಗಹಾಕಿದಳು. ಅಗ್ಗವಾದದ್ದು ಅಲ್ಲಿಗೆ ಮುಗಿಯಿತು. ಆಗ ಒಂದು ಕ್ರೋನಗೆ ನಮ್ಮ ಎಂಟು ರೂಪಾಯಿಯ ಆಸುಪಾಸು. ವಿಮಾನದಿಂದ ಇಳಿದ ಗಳಿಗೆಯಿಂದ ನಾನು ಕಂಡದ್ದನ್ನೆಲ್ಲ ಎಂಟರಿಂದ ಗುಣಿಸತೊಡಗಿದೆ.

ಗಾರ್ಡರ್‌ಮೂನ್ ನಿಲ್ದಾಣದಿಂದ ಊರಿಗೆ ಎರಡು ಬಗೆಯ ರೈಲುಗಳಿವೆಯೆಂದೂ, ಎಕ್ಸ್‌ಪ್ರೆಸ್ ರೈಲಿನ ದರ ಮಾಮೂಲಿ ರೈಲಿನ ಹೆಚ್ಚುಕಡಿಮೆ ಎರಡರಷ್ಟಿದ್ದರೂ ಉಳಿಯುವ ಸಮಯ ಕೆಲವೇ ನಿಮಿಷವೆಂದೂ ಮಗಳು ಹೇಳಿಕಳುಹಿಸಿದ್ದಳು. ಅದನ್ನು ನಾನು ಚೀಟಿಯಲ್ಲಿ ಬರೆದುಕೊಂಡಿದ್ದೆ, ಚೀಟಿಯನ್ನು ಸೂಟ್‌ಕೇಸಿನೊಳಗೆ ಇಟ್ಟಿದ್ದೆ. ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತು, ಹಾಗೆ ಉಳಿದ ನಿಮಿಷಗಳಲ್ಲಿ ಏನು ಮಾಡಬಹುದೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಪರಸ್ಥಳದ ನೀರು ಒಗ್ಗುವುದಿಲ್ಲವೆಂಬ ಪಾಠ ನಮ್ಮ ರಕ್ತದಲ್ಲೇ ಇರುವುದರಿಂದ, ರೈಲಿಳಿದವನೇ ಎದುರಿನ ಪುಟ್ಟ ಅಂಗಡಿಯಲ್ಲಿ ಆರು ಬಾಟಲಿ ನೀರು ಕೊಂಡೆ. ಬಿಲ್ಲನ್ನು ಕನ್ನಡಕವೇರಿಸಿ ನೋಡಿದ ಹೆಂಡತಿ, “ನೀರಿನ ಜೊತೆ ಆರು ಪ್ಯಾಂಟು ಯಾವಾಗ ತಗೊಂಡಿರಿ?” ಎಂದಳು. ನಿಜಕ್ಕೂ ಬಿಲ್ಲಿನಲ್ಲಿ ಸ್ವಚ್ಛವಾಗಿ ‘ಪ್ಯಾಂಟ್’ ಎಂದು ಓದಬಹುದಾದ ಅಕ್ಷರಗಳಿದ್ದವು. ಒಂದಕ್ಕೆ ಎರಡು ಕ್ರೋನ, ಅಂದರೆ ಹದಿನಾರು ರೂಪಾಯಿ. ಹದಿನಾರು ರೂಪಾಯಿಗೆ ಪ್ಯಾಂಟು ಕೊಡುವ ಊರನ್ನು ದುಬಾರಿಯೆಂದವರು ಯಾರು ಎಂದು ಕ್ಷಣಕಾಲ ಹಿಗ್ಗಿದೆ. ಹೋಟೆಲಿನ ಸ್ವಾಗತಕಾರಿಣಿ ಎರಡು ಸಂಗತಿಗಳನ್ನು ಬಿಡಿಸಿ ಹೇಳಿದಳು. ಆ ಪದದ ಅರ್ಥ ಬಾಟಲಿಯ ಠೇವಣಿ. ಖಾಲಿ ಬಾಟಲಿಯನ್ನು ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ತಿನ್ನಿಸಿದರೆ ಹಣ ಮರಳಿ ಬರುತ್ತದೆ. ಎರಡನೆಯದು, ನಲ್ಲಿಯಲ್ಲಿ ಬರುವ ನೀರು ಬಾಟಲಿಯ ನೀರಿಗಿಂತ ಯಾವುದರಲ್ಲೂ ಕಡಿಮೆಯಿಲ್ಲ, ಮತ್ತು ಅದು ಪುಕ್ಕಟೆ. ಎರಡನೆಯದನ್ನು ಆಕೆ ಹೇಳದೇ ಇದ್ದಿದ್ದರೂ ನಡೆಯುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಖರ್ಚಿನ ಚಿಂತೆ ಅರ್ಧ ಕಾರಣವಾದರೆ, ಹತ್ತೂ ಮುಕ್ಕಾಲಿಗೆ ಒಲ್ಲದ ಮನಸ್ಸಿನಿಂದ ಮುಳುಗಿ, ನಾಲ್ಕು ಹೊಡೆಯುವ ಮೊದಲೇ ಮತ್ತೆ ಕಿಟಕಿಗೆ ಬಂದು ನಿಂತ ಸೂರ್ಯ ಇನ್ನರ್ಧ. ಬೆಳಕನ್ನು ಮಾತ್ರ ಇವರು ಧಾರಾಳವಾಗಿ ಕೊಡುತ್ತಾರೆ.

ಭಾನುವಾರ ಅಲ್ಲಿ ದೊಡ್ಡ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಿರುತ್ತವೆ. ನೂರು ಚದರ ಮೀಟರಿಗಿಂತ ಚಿಕ್ಕದಾದ ದಿನಸಿ ಅಂಗಡಿಗಳಿಗಷ್ಟೇ ತೆರೆಯಲು ಅನುಮತಿ, ಅವುಗಳ ಬೆಲೆಗೆ ಮಾತ್ರ ಯಾವ ಅಳತೆಯ ಮಿತಿಯೂ ಇದ್ದಂತಿಲ್ಲ. ಕಾಫಿ ಕುಡಿಯದೆ ಹೆಂಡತಿಯ ತಲೆನೋವು ಇಳಿಯುವಂತಿರಲಿಲ್ಲವಾದ್ದರಿಂದ ಎರಡು ಕಪ್ ಕಾಫಿ, ಒಂದು ದಾಲ್ಚಿನ್ನಿ ಬನ್ನು ತೆಗೆದುಕೊಂಡೆವು. ಮೈಸೂರಿನಲ್ಲಿ ಆ ಹಣಕ್ಕೆ ಇಡೀ ಕುಟುಂಬಕ್ಕೆ ಮಸಾಲೆ ದೋಸೆ ಕೊಡಿಸಿ ಆಟೋದಲ್ಲಿ ಮನೆಗೆ ಕಳಿಸಬಹುದು. ಒಳಗೆ ಕೂತು ತಿಂದರೆ ತೆರಿಗೆ ಶೇಕಡಾ 25, ಕಟ್ಟಿಸಿಕೊಂಡು ಹೋದರೆ 15 ಎಂದು ಮಗಳು ಫೋನಿನಲ್ಲಿ ಹೇಳಿದ್ದು ಬನ್ನಿಗೆ ಬಾಯಿ ಹಾಕಿದ ಮೇಲೆ. ಸಿಟ್ಟು ಮಾಡಿಕೊಳ್ಳೋಣವೆಂದರೆ, ಕಾಫಿ ಕೊಟ್ಟ ಹುಡುಗ ತನ್ನ ಸಂಬಳದಲ್ಲಿ ಅದೇ ಕಾಫಿಯನ್ನು ಅಲ್ಲೇ ಕೂತು ನೆಮ್ಮದಿಯಾಗಿ ಕುಡಿಯಬಲ್ಲವನಂತೆ ಕಂಡ. ಬೆಲೆಯ ಗುಟ್ಟು ಬಹುಪಾಲು ಅದೇ ಇರಬೇಕು.

ಅಲ್ಲಿಂದ ಮುಂದೆ ನಾವು ಪುಕ್ಕಟೆಯಾದದ್ದನ್ನೇ ಹುಡುಕಿಕೊಂಡು ನಡೆದೆವು, ಅದು ಆ ಊರಿನಲ್ಲಿ ಬೇಕಾದಷ್ಟಿದೆ. ಗುಸ್ತಾವ್ ವೀಗೆಲಾನ್ ಎಂಬ ಒಬ್ಬನೇ ಶಿಲ್ಪಿಯ ಇನ್ನೂರಕ್ಕೂ ಹೆಚ್ಚು ಕೃತಿಗಳಿರುವ ಉದ್ಯಾನಕ್ಕೆ ಟಿಕೆಟ್ಟೂ ಇಲ್ಲ, ಬೀಗವೂ ಇಲ್ಲ. ಒಂದೇ ಗ್ರಾನೈಟ್ ಕಲ್ಲಿನಲ್ಲಿ ಒಬ್ಬರ ಮೇಲೊಬ್ಬರು ಹತ್ತುವ 121 ಮನುಷ್ಯರಿದ್ದಾರೆಂದು ಕೇಳಿ ಎಣಿಸಲು ಹೊರಟೆ. ಹೆಂಡತಿ ಜಗ್ಗಿದ್ದರಿಂದ ನಲವತ್ತಕ್ಕೆ ನಿಲ್ಲಿಸಬೇಕಾಯಿತು. ಸೇತುವೆಯ ಮೇಲಿನ ಪುಟ್ಟ ಕಂಚಿನ ಹುಡುಗ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿದ. ಮುಷ್ಟಿ ಬಿಗಿದು, ಒಂದು ಕಾಲೆತ್ತಿ, ಬಾಯಿ ಸೊಟ್ಟ ಮಾಡಿ ರಚ್ಚೆ ಹಿಡಿದಿರುವ ಅವನ ಎಡಗೈ ಬಂದವರೆಲ್ಲ ಸವರಿ ಸವರಿ ಬಂಗಾರದಂತೆ ಹೊಳೆಯುತ್ತಿತ್ತು. “ಬಿಲ್ಲು ಬಂದಾಗ ನೀವು ಥೇಟ್ ಹೀಗೇ” ಎಂದು ಹೆಂಡತಿ ನನ್ನನ್ನು ಅವನ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ಸಂಜೆ, 2008ರಲ್ಲಿ ತೆರೆದ ಒಪೆರಾ ಭವನದ ಅಮೃತಶಿಲೆಯ ಇಳಿಜಾರು ಚಾವಣಿಯೇರಿ, ಕೆಳಗಿನ ಕಡಲನ್ನು ನೋಡುತ್ತ, ಡಬ್ಬಿಯಲ್ಲಿ ಉಳಿದಿದ್ದ ಗೊಜ್ಜವಲಕ್ಕಿಯನ್ನು ಮುಗಿಸಿದೆವು. ಚಾವಣಿಯ ಮೇಲೆ ತಿರುಗಾಡಲೂ ಕಾಸಿಲ್ಲ.

ಸೋಮವಾರ ಬೆಳಿಗ್ಗೆ ಸೂಪರ್ ಮಾರ್ಕೆಟ್ ತೆರೆಯುವುದನ್ನೇ ಕಾದು, ಐದು ಖಾಲಿ ಬಾಟಲಿ ಹಿಡಿದು ಯಂತ್ರದ ಮುಂದೆ ನಿಂತೆ. ದುಂಡನೆಯ ಬಾಯಿಗೆ ಒಂದೊಂದನ್ನೇ ಇಟ್ಟರೆ ಅದು ಗರಗರನೆ ತಿರುಗಿಸಿ ಒಳಗೆಳೆದುಕೊಂಡು ಲೆಕ್ಕ ತೋರಿಸುತ್ತಿತ್ತು: ಎರಡು, ನಾಲ್ಕು, ಆರು, ಎಂಟು, ಹತ್ತು. ಎಂಟರಿಂದ ಗುಣಿಸಿದರೆ ಎಂಬತ್ತು ರೂಪಾಯಿ. ಆ ಊರಿಗೆ ಕಾಲಿಟ್ಟ ಮೇಲೆ ಮಗ್ಗಿ ಮೊದಲ ಬಾರಿ ಸಿಹಿಯಾಗಿ ಕೇಳಿಸಿತು. ಕೊನೆಯಲ್ಲಿ ಎರಡು ಗುಂಡಿಗಳು ಕಂಡವು. ಹಿಂದೆ ಚೀಲಗಟ್ಟಲೆ ಬಾಟಲಿ ಹೊತ್ತ ಅಜ್ಜಿಯೊಬ್ಬರು ಕಾಯುತ್ತಿದ್ದುದರಿಂದ ಗಡಿಬಿಡಿಯಲ್ಲಿ ಒಂದನ್ನು ಒತ್ತಿದೆ, ಚೀಟಿಯೂ ಬಂತು. ಅದನ್ನು ಗಲ್ಲಾಪೆಟ್ಟಿಗೆಯ ಹುಡುಗಿಗೆ ಕೊಟ್ಟು ಕೈಚಾಚಿದರೆ, ಅವಳು ಬಲು ಸಹಾನುಭೂತಿಯಿಂದ, ನಾನು ಒತ್ತಿದ್ದು ಲಾಟರಿಯ ಗುಂಡಿಯೆಂದೂ, ಬಹುಮಾನ ಬಂದಿಲ್ಲವೆಂದೂ, ನನ್ನ ಹತ್ತು ಕ್ರೋನ ರೆಡ್ ಕ್ರಾಸ್‌ಗೆ ನೆರವಾಗುತ್ತದೆಂದೂ ತಿಳಿಸಿ ಧನ್ಯವಾದ ಹೇಳಿದಳು. “ಪುಣ್ಯದ ಕೆಲಸ ಬಿಡಿ” ಎಂದ ಹೆಂಡತಿ, ಅಂಗಡಿಯಿಂದ ಹೊರಬರುವವರೆಗೂ ನಗು ತಡೆದುಕೊಂಡಿದ್ದಳು.

ಆರನೆಯ ಬಾಟಲಿಯಲ್ಲಿ ಇನ್ನೂ ಎರಡು ಗುಟುಕು ನೀರಿದ್ದುದರಿಂದ ಅದು ಬ್ಯಾಗಿನಲ್ಲೇ ಉಳಿದು, ಜರ್ಮನಿಯನ್ನೂ ಸುತ್ತಿ, ನಮ್ಮೊಂದಿಗೆ ಮೈಸೂರಿಗೆ ಬಂತು. ಈಗ ಫ್ರಿಜ್ಜಿನ ಬಾಗಿಲಿನಲ್ಲಿದೆ. ಕೆಲಸದವಳು ಅದನ್ನು ಎರಡು ಬಾರಿ ರದ್ದಿಗೆ ಹಾಕಲು ನೋಡಿದಳು. ಎರಡು ಬಾರಿಯೂ ನಾನು, ಅದರ ಮೇಲೆ ನನ್ನ ಹದಿನಾರು ರೂಪಾಯಿ ಬಾಕಿಯಿದೆಯೆಂದು ಹೇಳಿ ಕಸಿದುಕೊಂಡೆ.